ಪೆಟ್ರೋಲ್ ಗಾಡಿಯ ಫಿಲ್ಟರ್

ಚನ್ನಬಸಪ್ಪನಿಗೆ ಹಿಂದಿಯಾಗಲಿ ಗುಜರಾತಿಯಾಗಲಿ ತಿಳಿಯುವುದಿಲ್ಲವೆಂದು ಅವನ ಹೆಂಡತಿ ನಂಬಿದ್ದಳು, ಮಗಳು ನಂಬಿದ್ದಳು, ಆಫೀಸಿನವರಂತೂ ಆ ವಿಷಯದಲ್ಲಿ ಕೈತೊಳೆದುಕೊಂಡೇ ಬಿಟ್ಟಿದ್ದರು. ನಿಜ ಹೇಳಬೇಕೆಂದರೆ ಅವನಿಗೆ ಎರಡೂ ತಕ್ಕಮಟ್ಟಿಗೆ ತಿಳಿಯುತ್ತಿದ್ದವು. ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಬಾಗಲಕೋಟೆಯಿಂದ ಅಹಮದಾಬಾದಿಗೆ ವರ್ಗವಾಗಿ ಬಂದ ವರ್ಷವೇ ಅವನ ವಿಮಾ ಕಂಪನಿಯಲ್ಲಿ ಹಿಂದಿ ಪಖವಾಡೆಯ, ಅಂದರೆ ಹಿಂದಿ ಪ್ರಚಾರದ ಹದಿನೈದು ದಿನಗಳ, ಸಮಾರಂಭ ನಡೆಯಿತು. ಹೊಸಬರೆಲ್ಲ ಮೈಕಿನ ಮುಂದೆ ಬಂದು ಹಿಂದಿಯಲ್ಲಿ ನಾಲ್ಕು ಮಾತಾಡಬೇಕು ಎಂದರು. ಹೆಂಡತಿಯನ್ನೇಕೆ ಕರೆತರಲಿಲ್ಲ ಎಂದು ಯಾರೋ ಕೇಳಿದಾಗ ಚನ್ನಬಸಪ್ಪ ಗಡಿಬಿಡಿಯಲ್ಲಿ ‘ಪತ್ನಿ’ ಎನ್ನುವ ಬದಲು ‘ಪತಿ’ ಎಂದುಬಿಟ್ಟ. ನನ್ನ ಗಂಡ ಮನೆಯಲ್ಲಿದ್ದಾನೆ! ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಕ್ಕು ಮರೆತಿದ್ದರೆ ಆಗುತ್ತಿತ್ತು. ಆದರೆ ಮುಂದಿನ ವಾರ ಲಿಫ್ಟಿನವನೂ ‘ಗಂಡ ಆರಾಮಾ ಸಾಹೇಬ್?’ ಎಂದು ಕೇಳಿದ. ಅವತ್ತಿನಿಂದ ಚನ್ನಬಸಪ್ಪ ತನ್ನ ಹಿಂದಿಯನ್ನು ಮೂರು ಮಾತಿಗೆ ಇಳಿಸಿಕೊಂಡ: ಹಾಂ, ನಹೀಂ, ಠೀಕ್ ಹೈ. ಅದರಲ್ಲೂ ‘ಹಾಂ’ ಎನ್ನುವುದು ಅವನಿಗೆ ಕೊಡೆಯ ಹಾಗೆ ಆಯಿತು. ಎದುರಿನವನ ಮಾತು ಮುಗಿಯುವ ಮೊದಲೇ ಹಾಂ ಎಂದು ನಕ್ಕುಬಿಟ್ಟರೆ ಆತ ಮತ್ತೆ ಕೇಳುವುದಿಲ್ಲ, ತಾನು ಮತ್ತೆ ಹೇಳಬೇಕಾಗುವುದಿಲ್ಲ.

ಮಾತಿನ ಕೆಲಸವೆಲ್ಲ ಮಗಳ ಪಾಲಿಗೆ ಬಂತು. ಅಪೂರ್ವಾ ಇಲ್ಲಿಗೆ ಬಂದಾಗ ಇನ್ನೂ ಚಿಕ್ಕವಳು. ಅವರ ಮನೆಯಿದ್ದ ಮಣಿನಗರದ ಓಣಿಯ ಹುಡುಗಿಯರ ಜತೆ ಆಡಿ ಆಡಿ ನೋಡುನೋಡುತ್ತ ಗುಜರಾತಿಯನ್ನು ಕುಡಿದುಬಿಟ್ಟಳು. ಈಗ ಹದಿಮೂರು ಮುಗಿಯುತ್ತ ಬಂದಿದ್ದವಳಿಗೆ ಕನ್ನಡವೇ ಸ್ವಲ್ಪ ತಡವರಿಸುತ್ತಿತ್ತು. ಗ್ಯಾಸಿನವನು ಬಂದರೂ ಅವಳೇ, ಗ್ಯಾರೇಜಿಗೆ ಹೋದರೂ ಅವಳೇ. ಮೊದಮೊದಲು ಚನ್ನಬಸಪ್ಪನಿಗೆ ಅದು ಹೆಮ್ಮೆಯಾಗಿತ್ತು. ಒಂದು ಸಲ ಅವನು ಪಕ್ಕದಲ್ಲೇ ನಿಂತಿದ್ದರೂ ಗ್ಯಾರೇಜಿನವನು ಹುಡುಗಿಯ ಕಡೆ ಬಗ್ಗಿ, ‘ಮಗಳೇ, ನಿನ್ನ ಪಪ್ಪನಿಗೆ ಹೇಳು, ಬ್ರೇಕ್ ಸವೆದಿದೆ ಅಂತ’ ಎಂದ. ಯಾರೋ ಕೂಸಿನ ಬಗ್ಗೆ ತಾಯಿಯ ಹತ್ತಿರ ಮಾತಾಡುವ ಧಾಟಿ. ಆಮೇಲೆ ಹೆಮ್ಮೆ ಸ್ವಲ್ಪ ಸ್ವಲ್ಪವೇ ಹುಳಿಯಾಗತೊಡಗಿತು.

ಪೂರ್ತಿ ಒಡೆದದ್ದು ಬಿಲ್ಡಿಂಗಿನ ಮೆಟ್ಟಿಲ ಮೇಲೆ. ಅವನು ಕಾಯಿಪಲ್ಲೆಯ ಚೀಲ ಹಿಡಿದು ಹತ್ತಿ ಬರುತ್ತಿದ್ದ. ಅಪೂರ್ವಾ ತನ್ನೊಂದಿಗೆ ಖೋ ಖೋ ಆಡುವ ಗೆಳತಿ ನಿಕಿತಾಳ ಜತೆ ಕೂತು ಗುಜರಾತಿಯಲ್ಲಿ ಹರಟುತ್ತಿದ್ದಳು. ‘ನಮ್ಮ ಪಪ್ಪನಿಗೆ ಏನೂ ಬರುವುದಿಲ್ಲ. ಎಲ್ಲಾ ಕಡೆ ನಾನೇ ಮಾತಾಡಬೇಕು. ನನಗೇ ನಾಚಿಕೆಯಾಗುತ್ತದೆ’ ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಮನೆಯ ಗಂಟೆ ಕೆಟ್ಟಿದೆ, ಬಾಗಿಲು ಬಡಿಯಿರಿ ಎನ್ನುವಷ್ಟೇ ಸಹಜವಾಗಿ ಹೇಳಿದಳು. ಅಪ್ಪನನ್ನು ನೋಡಿದಳು, ಕಾಲು ಸರಿಸಿ ದಾರಿ ಬಿಟ್ಟಳು, ಮಾತು ಮುಂದುವರಿಸಿದಳು. ಅಪ್ಪನಿಗೆ ತಿಳಿಯುವುದಿಲ್ಲವಲ್ಲ.

ಅದೇ ವಾರ ಕಾರಿನ ಎಣ್ಣೆ ಬದಲಿಸುವ ಕಾಲ ಬಂತು. ಭಾನುವಾರ ಸೂರತ್ತಿನಲ್ಲಿ ರಾಜ್ಯದ ಹದಿನಾಲ್ಕರೊಳಗಿನ ಹುಡುಗಿಯರ ಖೋ ಖೋ ತಂಡದ ಆಯ್ಕೆ. ಅಪೂರ್ವಾ ಕಂಬ ಹಿಡಿದು ತಿರುಗುವುದನ್ನು ಕಂಡವರು ಈ ಹುಡುಗಿ ಆಯ್ಕೆಯಾಗಿಯೇ ಆಗುತ್ತಾಳೆ ಎನ್ನುತ್ತಿದ್ದರು. ಮುಂದಿನ ವರ್ಷ ಅವಳಿಗೆ ವಯಸ್ಸು ಮೀರುತ್ತದೆ, ಇದೊಂದೇ ಅವಕಾಶ. ಅಷ್ಟು ದೂರ ಹೋಗುವ ಮೊದಲು ಗಾಡಿಯನ್ನು ಗ್ಯಾರೇಜಿಗೆ ತೋರಿಸಿಕೊಂಡು ಬನ್ನಿ, ಅಪ್ಪುನ್ನ ಕರಕೊಂಡು ಹೋಗಿ ಎಂದು ಹೆಂಡತಿ ಸುಲೋಚನಾ ಹೇಳಿದಳು. ಚನ್ನಬಸಪ್ಪ ಬೇಡವೆಂದ. ಎಣ್ಣೆ ಬದಲಿಸುವುದೇನು ಬ್ರಹ್ಮವಿದ್ಯೆಯೇ, ತಾನೇ ಮಾಡುತ್ತೇನೆ ಎಂದ.

ಅವನು ತಯಾರಿ ಮಾಡಿಕೊಳ್ಳಲಿಲ್ಲ ಎನ್ನುವ ಹಾಗಿಲ್ಲ. ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬ ಕನ್ನಡದಲ್ಲಿ ಮಾಡಿದ ವಿಡಿಯೋವನ್ನು ಮತ್ತೆ ಮತ್ತೆ ನೋಡಿದ. ಎಣ್ಣೆಯ ಡಬ್ಬದ ಮೇಲೆ ಬರೆದ ನಂಬರು ಗಾಡಿಯ ಪುಸ್ತಕದಲ್ಲಿದ್ದ ನಂಬರಿಗೆ ತಾಳೆಯಾಗಬೇಕು. ತೆಳು ಎಣ್ಣೆ ಕೇಳುವ ಎಂಜಿನ್ನಿಗೆ ದಪ್ಪ ಎಣ್ಣೆ ಹಾಕಬಾರದು, ದಪ್ಪ ಕೇಳುವುದಕ್ಕೆ ತೆಳು ಹಾಕಬಾರದು. ಇನ್ನು ಫಿಲ್ಟರ್. ಒಂದೇ ಹೆಸರಿನ ಕಾರು ಪೆಟ್ರೋಲಿನಲ್ಲೂ ಬರುತ್ತದೆ, ಡೀಸೆಲ್ಲಿನಲ್ಲೂ ಬರುತ್ತದೆ. ಎರಡರ ಫಿಲ್ಟರೂ ಅವಳಿ ಮಕ್ಕಳ ಹಾಗೆ ಕಾಣುತ್ತವೆ, ಆದರೆ ಬಾಯಿಯ ಒಳಗಿನ ತಿರುಪಿನ ಮರೆ ಬೇರೆ. ತಿರುಗಿಸಿದರೆ ಕೂತಂತೆ ಕಾಣುತ್ತದೆ, ರಸ್ತೆಯಲ್ಲಿ ಕೈಕೊಡುತ್ತದೆ. ‘ಅಂಗಡ್ಯಾಗ ಮೊದ್ಲ ಡೀಸೆಲ್ ಅಂತ ಹೇಳ್ರಿ, ಆಮ್ಯಾಲ ಗಾಡಿ ಹೆಸರು ಹೇಳ್ರಿ’ ಎಂದು ಆ ಮೆಕ್ಯಾನಿಕ್ ಕಿವಿಮಾತು ಹೇಳಿದ್ದ. ಚನ್ನಬಸಪ್ಪನದು ಡೀಸೆಲ್ ಗಾಡಿ.

ಶನಿವಾರ ಮಧ್ಯಾಹ್ನ ಅವನು ಮಣಿನಗರ ಸ್ಟೇಷನ್ನಿನ ಹತ್ತಿರದ ರಸಿಕ್‌ಭಾಯಿಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಒಬ್ಬನೇ ನಡೆದುಹೋದ. ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಬಾಯಿಪಾಠ ಮಾಡಿದ. ಡೀಸೆಲ್ ಗಾಡೀ ಕಾ ಫಿಲ್ಟರ್ ಚಾಹಿಯೇ. ‘ಕಾ’ನೋ ‘ಕೀ’ನೋ? ಗಾಡಿ ಹೆಣ್ಣು, ಫಿಲ್ಟರ್ ಗಂಡು ಇರಬೇಕು. ಹಾಗಾದರೆ ಕಾ. ಎಣ್ಣೆಯನ್ನೂ ಸೇರಿಸಿದರೆ ಕೇ ಆಗುತ್ತದೆಯೋ ಏನೋ. ಅಂಗಡಿ ಮುಟ್ಟುವ ಹೊತ್ತಿಗೆ ವಾಕ್ಯ ಅವನ ಬಾಯಲ್ಲಿ ಅಗಿದ ಕಬ್ಬಿನ ಸಿಪ್ಪೆಯಾಗಿತ್ತು.

ಅಂಗಡಿಯಲ್ಲಿ ಜನ ಇರುವೆ ಮುತ್ತಿದ ಹಾಗೆ ಮುತ್ತಿದ್ದರು. ಅವನ ಸರದಿ ಬಂದಾಗ ರಸಿಕ್‌ಭಾಯಿ ಒಂದು ಕಿವಿಗೆ ಫೋನ್ ಒತ್ತಿಕೊಂಡೇ ಗಲ್ಲ ಎತ್ತಿ ಏನು ಎಂದು ಕೇಳಿದ. ಚನ್ನಬಸಪ್ಪ ಗಾಡಿಯ ಹೆಸರು ಹೇಳಿದ, ಫಿಲ್ಟರ್ ಎಂದ, ಎಂಜಿನ್ ಆಯಿಲ್ ಎಂದ. ಡೀಸೆಲ್ ಎನ್ನುವ ಮಾತು ಕಾ ಮತ್ತು ಕೀಗಳ ನಡುವೆ ಸಿಕ್ಕಿ ಹೊರಗೆ ಬರಲೇ ಇಲ್ಲ. ಎಣ್ಣೆಯನ್ನು ಅವನು ಕಪಾಟಿನತ್ತ ಬೆರಳು ಮಾಡಿ, ನಂಬರು ನೋಡಿ, ಸರಿಯಾದದ್ದನ್ನೇ ತೆಗೆಸಿದ. ಫಿಲ್ಟರಿನ ಡಬ್ಬ ಹುಡುಕುತ್ತ ರಸಿಕ್‌ಭಾಯಿ ಬೆನ್ನು ತಿರುಗಿಸಿಕೊಂಡೇ ಕೇಳಿದ: “ಪೆಟ್ರೋಲ್ ಜ ನೇ?” ಪೆಟ್ರೋಲೇ ತಾನೆ?

ಚನ್ನಬಸಪ್ಪ ಹಾಂ ಎಂದ.

ಅಂದ ಮೇಲೆ ಮಾತಿನ ಅರ್ಥ ತಲೆಗೆ ಇಳಿಯಿತು. ಅಲ್ಲ, ಡೀಸೆಲ್ ಎಂದರೆ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ನಕ್ಕರು. ಅವರ ನಗು ಅವರ ಮಾತಿಗೆ ಇದ್ದೀತು. ಚನ್ನಬಸಪ್ಪನ ಕಿವಿ ಕಾವಲಿಯ ಹಾಗೆ ಬಿಸಿಯಾಯಿತು. ರಸಿಕ್‌ಭಾಯಿ ಡಬ್ಬ ಕೈಗಿಡುತ್ತ ಇನ್ನೊಮ್ಮೆ ಅದನ್ನೇ ಕೇಳಿದ. ಚನ್ನಬಸಪ್ಪ ಇನ್ನೊಮ್ಮೆ ಹಾಂ ಎಂದ. ಈ ಸಲ ನಕ್ಕು ತಲೆಯನ್ನೂ ಆಡಿಸಿದ.

ಮನೆಗೆ ಬಂದು ಹಳೆಯ ಫಿಲ್ಟರ್ ಬಿಚ್ಚಿ ಹೊಸದರ ಪಕ್ಕದಲ್ಲಿಟ್ಟ. ಹೊಸದು ಒಂದು ಕೂದಲೆಳೆ ಗಿಡ್ಡವೇನೋ ಅನಿಸಿತು. ಕೂರಿಸಿ ತಿರುಗಿಸಿದರೆ ಕೂತುಕೊಂಡಿತು, ಆದರೆ ಅಲ್ಲಾಡುತ್ತ ಕೂತಿತು. ಚನ್ನಬಸಪ್ಪ ಕಾರಿನ ಕೆಳಗೆ ಅಂಗಾತ ಮಲಗಿ ಬಹಳ ಹೊತ್ತು ಅದನ್ನೇ ನೋಡಿದ. ಹಿಂದಿರುಗಿ ಹೋಗಿ ಬದಲಿಸಿ ತರಬಹುದಿತ್ತು. ಆದರೆ ಹೋಗಿ ಏನೆನ್ನುವುದು? ಎರಡು ಸಲ ಹಾಂ ಎಂದವನು ಯಾವ ಬಾಯಲ್ಲಿ ಅಲ್ಲ ಎನ್ನುವುದು? ಬೇರೆ ಕಂಪನಿಯ ಮಾಲು, ಸ್ವಲ್ಪ ಹೆಚ್ಚುಕಡಿಮೆ ಇದ್ದೀತು ಎಂದುಕೊಂಡ. ಹಲ್ಲು ಕಚ್ಚಿ ಇನ್ನೊಂದು ಸುತ್ತು ಬಿಗಿ ಮಾಡಿದ. ಎಂಜಿನ್ ಚಾಲೂ ಮಾಡಿ ಕೆಳಗೆ ಬಗ್ಗಿ ನೋಡಿದ. ಒಂದು ಹನಿಯೂ ಇಲ್ಲ. ಸುಲೋಚನಾ ಚಹಾ ಹಿಡಿದು ಕೆಳಗಿಳಿದು ಬಂದಳು. ಎದುರು ಮನೆಯವರು ಕೈಯೆತ್ತಿ ಭಲೇ ಎಂಬಂತೆ ಸನ್ನೆ ಮಾಡಿದರು. ಅಪೂರ್ವಾ ಬಂದು ಎಣ್ಣೆ ಮೆತ್ತಿದ ಅವನ ಕೈ ನೋಡಿ, ‘ಪಪ್ಪಾ, ಪೂರಾ ನೀವೇ ಮಾಡಿದ್ರಿ?’ ಎಂದು ಕಣ್ಣರಳಿಸಿದಳು. ಅವನಿಗೆ ಅಷ್ಟು ಸಾಕಾಗಿತ್ತು.

ಭಾನುವಾರ ನಸುಕಿನಲ್ಲಿ ಹೊರಟರು. ಎಕ್ಸ್‌ಪ್ರೆಸ್‌ವೇ ಹಿಡಿದು ನಡಿಯಾದ್ ದಾಟಿದರು. ಹಿಂದಿನ ಸೀಟಿನಲ್ಲಿ ಅಪೂರ್ವಾ ಆಟದ ಬಟ್ಟೆಯ ಮೇಲೆ ಜಾಕೀಟು ಹಾಕಿಕೊಂಡು, ಬೂಟಿನ ಲೇಸು ಬಿಚ್ಚುವುದು ಕಟ್ಟುವುದು ಮಾಡುತ್ತಿದ್ದಳು. ಮೊದಲು ಸುಟ್ಟ ಎಣ್ಣೆಯ ವಾಸನೆ ಬಂತು. ಆಮೇಲೆ ಮುಂದಿನ ಫಲಕದಲ್ಲಿ ಎಣ್ಣೆಯ ಕುಡಿಕೆಯ ಗುರುತು ಕೆಂಪಗೆ ಹತ್ತಿಕೊಂಡಿತು. ಹಿಂದಿನಿಂದ ಬಾಗಿ ನೋಡಿದ ಅಪೂರ್ವಾ ಅದೇನೆಂದು ಕೇಳಿದಳು, ಗಾಡಿ ನಿಲ್ಲಿಸಿ ಪಪ್ಪಾ ಎಂದಳು. ವಿಡಿಯೋದ ಮೆಕ್ಯಾನಿಕ್ ಹೇಳಿದ್ದು ಅವನಿಗೆ ನೆನಪಿತ್ತು: ಆ ದೀಪ ಹತ್ತಿದರೆ ಎಲ್ಲಿದ್ದೀರೋ ಅಲ್ಲೇ ನಿಲ್ಲಿ. ಆದರೆ ನಿಂತರೆ ಸಹಾಯಕ್ಕೆ ಫೋನ್ ಮಾಡಬೇಕು, ಯಾರಿಗೋ ಏನೋ ವಿವರಿಸಬೇಕು. ಮುಂದೆ ಹೋಟೆಲ್ ಇದೆ, ಅಲ್ಲಿವರೆಗೆ ಹೋಗೋಣ, ದೀಪ ಸುಳ್ಳು ಹೇಳುತ್ತಿರಬಹುದು ಎಂದು ಓಡಿಸಿದ. ಹೋಟೆಲ್ ಕಣ್ಣಿಗೆ ಬೀಳುವ ಮೊದಲೇ ಎಂಜಿನ್ ಗರ್ರೆಂದು ಹಲ್ಲು ಕಡಿದು ಕಚ್ಚಿಕೊಂಡಿತು. ಗಾಡಿ ರಸ್ತೆಯ ಅಂಚಿಗೆ ಉರುಳಿ ನಿಂತಿತು. ಬಾನೆಟ್ ಎತ್ತಿದರೆ ಒಳಗೆಲ್ಲ ಎಣ್ಣೆಯ ಸ್ನಾನ.

ಚನ್ನಬಸಪ್ಪ ಫೋನನ್ನು ಮಗಳ ಕೈಗೆ ಕೊಟ್ಟ. ಅವಳೇ ಸಹಾಯದ ನಂಬರಿಗೆ ಮಾತಾಡಿದಳು, ಎಲ್ಲಿದ್ದೇವೆಂದು ಹೇಳಿದಳು, ಗಾಡಿ ಎಳೆಯುವವರು ಬರುವ ತನಕ ಮತ್ತೆ ಮತ್ತೆ ಫೋನ್ ಮಾಡಿದಳು.

ವಡೋದರಾದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಫಿಲ್ಟರನ್ನು ಬರಿಗೈಯಲ್ಲೇ ತಿರುವಿ ತೆಗೆದ. ಅದನ್ನು ಅಪೂರ್ವಾಳ ಮುಂದೆ ಹಿಡಿದು ಏನೋ ಹೇಳಿದ. ಅವಳು ಅಪ್ಪನ ಕಡೆ ತಿರುಗಿದಳು.

“ಪಪ್ಪಾ, ಇದು ಪೆಟ್ರೋಲ್ ಗಾಡೀದು ಅಂತ. ನೀವು ಅಂಗಡೀಲಿ ಡೀಸೆಲ್ ಅಂತ ಹೇಳಿರಲಿಲ್ಲಾ?”

ಅವಳ ಮಾತಿನಲ್ಲಿ ಆರೋಪವಿರಲಿಲ್ಲ. ತಿಳಿದುಕೊಳ್ಳಲಿಕ್ಕೆ ಕೇಳಿದ್ದಷ್ಟೇ. ಹಾಗೆ ಕೇಳಿದ್ದರಿಂದಲೇ ಇರಬೇಕು, ಸುಳ್ಳು ಅವನ ಬಾಯಿಂದ ಎಣ್ಣೆ ಜಾರಿದಷ್ಟು ಸಲೀಸಾಗಿ ಜಾರಿತು.

“ಹೇಳಿದ್ನೆಲ್ಲವ್ವಾ. ಡೀಸೆಲ್ ಅಂತ ಬಾಯ್ಬಿಟ್ಟು ಹೇಳಿದ್ನಿ. ಅಂವಾ ಮೋಸ ಮಾಡ್ಯಾನ.”

ನಾಲ್ಕು ವರ್ಷದಿಂದ ಬಾಯಿಗೆ ಬರದ ವಾಕ್ಯ ಈಗ ಕನ್ನಡದಲ್ಲಿ ಎಷ್ಟು ಸರಾಗವಾಗಿ ಬಂತೆಂದು ಅವನಿಗೇ ಆಶ್ಚರ್ಯವಾಯಿತು. ಸುಲೋಚನಾ ಆ ಅಂಗಡಿಯವನ ವಂಶವನ್ನೆಲ್ಲ ಶಪಿಸಿದಳು.

ಗಾಡಿ ಅಲ್ಲೇ ಬಿಟ್ಟು, ಸ್ಟೇಷನ್ನಿಗೆ ಓಡಿ, ಕಾಲಿಡಲು ಜಾಗವಿಲ್ಲದ ಜನರಲ್ ಡಬ್ಬಿಯಲ್ಲಿ ನಿಂತು ಸೂರತ್ತಿಗೆ ಹೋದರು. ಮೈದಾನ ಮುಟ್ಟಿದಾಗ ಆಯ್ಕೆ ಮುಗಿದಿತ್ತು. ಆಳುಗಳು ಕಂಬ ಕೀಳುತ್ತಿದ್ದರು. ಅಪೂರ್ವಾಳ ಶಾಲೆಯ ಸರ್ ಆಯ್ಕೆ ಸಮಿತಿಯವರ ಹತ್ತಿರ ಓಡಿಹೋಗಿ ಕೈಮುಗಿದು ಕೇಳಿಕೊಂಡರು. ಹೆಸರುಗಳು ಮೇಲಕ್ಕೆ ಹೋಗಿಬಿಟ್ಟಿವೆ ಎಂದು ಅವರು ತಲೆಯಾಡಿಸಿದರು. ಅಪೂರ್ವಾ ಅಳಲಿಲ್ಲ. ಬಿಚ್ಚಿದ್ದ ಜಾಕೀಟನ್ನು ಮತ್ತೆ ಹಾಕಿಕೊಂಡು ಕತ್ತಿನವರೆಗೂ ಜಿಪ್ಪು ಎಳೆದುಕೊಂಡಳು. ಚನ್ನಬಸಪ್ಪ ಅವಳ ಕಡೆ ನೋಡಲಾಗದೆ ಅವಳ ಚೀಲ ಎತ್ತಿಕೊಂಡ.

ಊಟಕ್ಕೆ ಸೂರತ್ತಿನಲ್ಲೇ ಬ್ಯಾಂಕಿನಲ್ಲಿದ್ದ ಸುಲೋಚನಾಳ ತಮ್ಮ ಹಾಲೇಶನ ಮನೆಗೆ ಹೋದರು. ಹರಿಹರದ ಹಾಲೇಶ ಮುಂಗೋಪಿ. ಎಲೆಯ ಮುಂದೆ ಕೂತು ಎಲ್ಲ ಕೇಳಿದ. ಚನ್ನಬಸಪ್ಪ ಮತ್ತೊಮ್ಮೆ ಹೇಳಬೇಕಾಯಿತು, ಮತ್ತೊಮ್ಮೆ ಹೇಳುವಾಗ ಸುಳ್ಳಿಗೆ ಕೈಕಾಲು ಮೂಡಿದವು. ತಾನು ಡೀಸೆಲ್ ಎಂದು ಒತ್ತಿ ಹೇಳಿದ್ದೂ, ಅಂಗಡಿಯವನು ಹೊರಗಿನವರೆಂದರೆ ಅಸಡ್ಡೆಯಿಂದ ನಕ್ಕಿದ್ದೂ ಎಲ್ಲ ಬಂತು. ಹಾಲೇಶ ಅನ್ನ ಕಲಸಿದ ಕೈಯನ್ನು ಹಾಗೇ ಬಿಟ್ಟು ಎಡಗೈಯಲ್ಲಿ ಫೋನ್ ತೆಗೆದುಕೊಂಡ. ಗುಜರಾತಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಅಂಗಡಿಯ ಹೆಸರು, ಫೋನ್ ನಂಬರು ಸಮೇತ ಬರೆದು ಹಾಕಿದ: ಇಲ್ಲಿ ಯಾರೂ ಹೋಗಬೇಡಿ, ನಮ್ಮವರಿಗೆ ಮೋಸ ಮಾಡಿದ್ದಾನೆ, ಒಂದು ಮಗುವಿನ ಭವಿಷ್ಯ ಹಾಳು ಮಾಡಿದ್ದಾನೆ. ಬೇಡ ಬಿಡು ಹಾಲೇಶ ಎಂದು ಚನ್ನಬಸಪ್ಪ ಮೆಲ್ಲಗೆ ಅಂದ. “ನೀವು ಮೆತ್ತಗಿರೋದಕ್ಕೇ ಭಾವ, ಹಿಂಗೆ ತುಳೀತಾರೆ” ಎಂದ ಹಾಲೇಶ. ಚನ್ನಬಸಪ್ಪ ಎಲೆಯ ಮೇಲಿನ ಅನ್ನವನ್ನು ಮತ್ತೆ ಕಲಸತೊಡಗಿದ. 

ಆ ವಾರವೆಲ್ಲ ಅವನು ಗುಂಪಿನಲ್ಲಿ ಬರುವುದನ್ನು ಕದ್ದು ಓದಿದ. ಒಬ್ಬರು ತಾವೇ ಫೋನ್ ಮಾಡಿ ಆ ಅಂಗಡಿಯವನ ಚಳಿ ಬಿಡಿಸಿದೆವು ಎಂದು ಬರೆದಿದ್ದರು. ಇನ್ನೊಬ್ಬರು ಶಾಭಾಷ್ ಎಂದಿದ್ದರು. ಬೋಡಕ್‌ದೇವ್‌ನ ಕಡೆಯ ಯಾರೋ ಒಬ್ಬರು, ಎರಡೂ ಕಡೆ ಕೇಳಿ ಬರೆಯುವುದು ಒಳ್ಳೆಯದಲ್ಲವೇ ಎಂದಿದ್ದಕ್ಕೆ ಎಲ್ಲರೂ ಸೇರಿ ಅವರನ್ನು ಬಾಯಿಮುಚ್ಚಿಸಿದ್ದರು.

ಅಪೂರ್ವಾ ಗುಂಪಿನ ಸುದ್ದಿಗೆ ತಲೆಕೊಡಲಿಲ್ಲ. ಅವಳದು ಒಂದೇ ಹಟ: ಅಂಗಡಿಗೆ ಹೋಗಬೇಕು, ಎದುರಿಗೆ ನಿಂತು ಕೇಳಬೇಕು. ಅಪ್ಪನಿಗೆ ಭಾಷೆ ಬರುವುದಿಲ್ಲವೆಂದು ಯಾರು ಬೇಕಾದರೂ ಟೋಪಿ ಹಾಕಬಹುದೇ ಎಂದಳು. ಚನ್ನಬಸಪ್ಪ ಇವತ್ತು ಕೆಲಸ, ನಾಳೆ ತಲೆನೋವು ಎಂದು ಮುಂದೆ ತಳ್ಳಿದ. ಕೊನೆಗೆ ಸುಲೋಚನಾಳೂ ಮಗಳ ಪಕ್ಷ ಸೇರಿದಳು. ಶನಿವಾರ ಅಪೂರ್ವಾ ಅವನ ಕೈ ಹಿಡಿದು ಎಳೆದುಕೊಂಡೇ ಹೋದಳು. ಎಷ್ಟೋ ದಿನಗಳ ಮೇಲೆ ಮಗಳು ರಸ್ತೆಯಲ್ಲಿ ಅವನ ಕೈ ಹಿಡಿದಿದ್ದಳು.

ರಸಿಕ್‌ಭಾಯಿಯ ಅಂಗಡಿಯಲ್ಲಿ ಅಂದು ಅಷ್ಟು ಜನರಿರಲಿಲ್ಲ. ಅಪೂರ್ವಾ ವಡೋದರಾದಿಂದ ತಂದಿದ್ದ ಫಿಲ್ಟರನ್ನು ಕೌಂಟರಿನ ಮೇಲಿಟ್ಟು ಗುಜರಾತಿಯಲ್ಲಿ ಶುರು ಮಾಡಿದಳು. ನಮ್ಮ ಪಪ್ಪ ಡೀಸೆಲ್ ಎಂದು ಸ್ಪಷ್ಟವಾಗಿ ಹೇಳಿದ್ದರು. ಅವರು ಸುಳ್ಳು ಹೇಳುವವರಲ್ಲ. ಮಾತು ಕಡಿಮೆ ಆಡುತ್ತಾರೆ ಎಂದು ನೀವು ಅವರಿಗೆ ಏನಾದರೂ ಕೊಟ್ಟು ಕಳಿಸಬಹುದೇ? ಅವಳ ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. ಚನ್ನಬಸಪ್ಪ ಅವಳ ಹಿಂದೆ ನಿಂತು ಪ್ರತಿಯೊಂದು ಮಾತನ್ನೂ ಕೇಳಿದ. ತನ್ನ ಪರವಾಗಿ ಇಷ್ಟು ಚೆನ್ನಾಗಿ ಯಾರೂ ಎಂದೂ ಮಾತಾಡಿರಲಿಲ್ಲ. ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದ.

ರಸಿಕ್‌ಭಾಯಿ ರೇಗಲಿಲ್ಲ. ದಣಿದವನ ಹಾಗೆ ಕಾಣುತ್ತಿದ್ದ. ಓಹೋ ನೀವೇನಾ ಅವರು, ವಾರದಿಂದ ಯಾರ್ಯಾರೋ ಫೋನ್ ಮಾಡಿ ನನ್ನನ್ನು ಕಳ್ಳ ಎನ್ನುತ್ತಿದ್ದಾರೆ, ಮನೆಯಲ್ಲಿ ನನ್ನ ತಾಯಿ ಒಮ್ಮೆ ಫೋನ್ ಎತ್ತಿದ್ದರು, ಅವರಿಗೂ ಬೈದರು ಎಂದ. ಆಮೇಲೆ ಚನ್ನಬಸಪ್ಪನತ್ತ ಕೈ ತೋರಿಸಿ ಗುಜರಾತಿಯಲ್ಲೇ ಹೇಳಿದ: “ನಾನು ಎರಡು ಸಲ ಕೇಳಿದೆ ಮಗಳೇ. ಪೆಟ್ರೋಲೇ ತಾನೆ ಅಂತ. ಇವರು ಎರಡು ಸಲವೂ ಹಾಂ ಅಂದರು. ಬೇಕಿದ್ದರೆ ಅವರನ್ನೇ ಕೇಳು.”

ಅಪೂರ್ವಾ ಅಪ್ಪನ ಕಡೆ ತಿರುಗಿದಳು. ಕೇಳಬೇಕಾದ ಅಗತ್ಯವೇ ಇರಲಿಲ್ಲ. ಹಾಂ ಎಂದು ನಕ್ಕು ತಲೆಯಾಡಿಸುವ ಆ ಮುಖವನ್ನು ಅವಳು ಎಷ್ಟೋ ಅಂಗಡಿಗಳಲ್ಲಿ ನೋಡಿದ್ದಳು. ಅವಳ ಕಣ್ಣಿನಲ್ಲಿ ಏನೋ ಒಂದು ಆರಿದ್ದನ್ನು ಚನ್ನಬಸಪ್ಪ ಕಂಡ. ಒಂದು ಗಳಿಗೆ ಅಷ್ಟೆ. ಆಮೇಲೆ ಅವಳು ಕನ್ನಡದಲ್ಲಿ ಹೇಳಿದಳು:

“ಪಪ್ಪಾ, ಅಂಕಲ್ ಸಾರಿ ಹೇಳ್ತಿದಾರೆ. ಅವರದೇ ಮಿಸ್ಟೇಕ್ ಅಂತೆ. ರಶ್ ಇತ್ತಂತೆ, ಸರಿ ಕೇಳಿಸ್ಲಿಲ್ಲಂತೆ. ಹೋಗೋಣ ಬನ್ನಿ.”

ಅವನು ಹಾಂ ಎಂದ.

ಮಗಳಿಗೇ ಹಾಂ ಎಂದಿದ್ದ! ಅಂಗಡಿಯ ಮೆಟ್ಟಿಲು ಇಳಿದ ಮೇಲೆ ಅದು ಅವನಿಗೆ ಹೊಳೆಯಿತು. ಅಪೂರ್ವಾ ಈಗ ಕೈ ಹಿಡಿದಿರಲಿಲ್ಲ. ನಾಲ್ಕು ಹೆಜ್ಜೆ ಮುಂದೆ, ತಲೆ ತಗ್ಗಿಸಿಕೊಂಡು, ಬೇಗ ಬೇಗ ನಡೆಯುತ್ತಿದ್ದಳು. ಅಪ್ಪನ ಮಾನ ಉಳಿಸಲು ಸುಳ್ಳಾಡಿದ ಹುಡುಗಿಯ ಬೆನ್ನು ನೋಡುತ್ತ ಅವನು ಬಿಆರ್‌ಟಿಎಸ್ ಬಸ್ಸಿನ ನಿಲ್ದಾಣದವರೆಗೂ ನಡೆದ. ಅದರಾಚೆ ನಡೆಯಲು ಆಗಲಿಲ್ಲ.

“ಅಪ್ಪೂ, ನಿಂದರು. ಅವ್ರು ಸಾರಿ ಅನ್ನಲಿಲ್ಲ.”

ಅವಳು ನಿಂತಳು, ತಿರುಗಲಿಲ್ಲ.

“ಎರಡ ಸಲ ಕೇಳಿದ್ನಿ ಅಂದ್ರು. ಖರೇನ. ಎರಡೂ ಸಲ ನಾ ಹಾಂ ಅಂದ್ನಿ.”

ಈಗ ತಿರುಗಿದಳು. “ನಿಮಗೆ ಗುಜರಾತಿ ಬರ್ತದಾ?”

“ತಿಳಿತೈತಿ. ಮಾತಾಡಾಕ ಬರೂದಿಲ್ಲ.”

“ಯಾವಾಗಿಂದ?”

“ಬಂದು ವರ್ಷ ತುಂಬೂದ್ರಾಗ ತಿಳ್ಯಾಕ ಹತ್ತಿತ್ತು.”

ಅವಳು ಮನಸ್ಸಿನಲ್ಲೇ ಹಿಂದೆ ಹಿಂದೆ ಹೋಗುತ್ತಿರುವುದು ಅವನಿಗೆ ಕಾಣಿಸಿತು. ಗ್ಯಾರೇಜು, ಬಜಾರು, ಮೆಟ್ಟಿಲು. ಮೆಟ್ಟಿಲಿಗೆ ಬಂದಾಗ ಹುಡುಗಿಯ ಮುಖ ಕುತ್ತಿಗೆಯವರೆಗೂ ಕೆಂಪಾಯಿತು. ಹೀಗಾಗುತ್ತದೆಂದು ಅವನು ಎಣಿಸಿರಲಿಲ್ಲ. ಇವತ್ತು ತಲೆತಗ್ಗಿಸುವ ಸರದಿ ತನ್ನೊಬ್ಬನದೇ ಎಂದುಕೊಂಡಿದ್ದ.

“ನಿಕಿತಾ ಹತ್ರ ನಾನು ಹೇಳಿದ್ದು…”

ಕೇಳಿಸಲಿಲ್ಲ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಸುಳ್ಳು ಸಾಕಾಗಿತ್ತು. “ಕೇಳೇನಿ. ನೀ ಅಂದದ್ದು ಸುಳ್ಳೇನಲ್ಲಲ್ಲವ್ವಾ” ಎಂದ.

ಆಗ ಅವಳು ಅತ್ತಳು. ಸೂರತ್ತಿನಲ್ಲಿ ಅಳದವಳು ಮಣಿನಗರದ ರಸ್ತೆಯಲ್ಲಿ ನಿಂತು ಅತ್ತಳು. ಮೊದಲು ನಾಚಿಕೆಗೆ ಅತ್ತಳೇನೋ. ಆಮೇಲೆ ಅದು ಸಿಟ್ಟಾಯಿತು. ಗಾಡಿ ನಿಲ್ಲಿಸಿ ಎಂದು ನಾನು ಹೇಳಲಿಲ್ಲವೇ, ಕೆಂಪು ದೀಪ ನಾನು ತೋರಿಸಲಿಲ್ಲವೇ, ಒಂದೇ ಒಂದು ಮಾತು ಡೀಸೆಲ್ ಅನ್ನಲು ನಿಮಗೆ ಏನಾಗಿತ್ತು, ಅದು ಇಂಗ್ಲಿಷ್ ಮಾತಲ್ಲವೇ ಎಂದು ಕನ್ನಡ, ಗುಜರಾತಿ ಎಲ್ಲ ಕಲಸಿ ಕೇಳಿದಳು. ಇಷ್ಟು ದಿನ ಆ ಸಿಟ್ಟಿಗೆ ರಸಿಕ್‌ಭಾಯಿ ಇದ್ದ. ಈಗ ಅಪ್ಪನೊಬ್ಬನೇ ಉಳಿದಿದ್ದ. ಬಸ್ಸಿಗೆ ಕಾಯುವವರು ತಿರುಗಿ ನೋಡಿದರು. ಚನ್ನಬಸಪ್ಪ ಅವಳನ್ನು ಸುಮ್ಮನಿರಿಸಲು ಹೋಗಲಿಲ್ಲ. ನಿಂತು ಕೇಳಿದ. 

ಅಳು ಇಳಿದ ಮೇಲೆ ಅವನು ಹೊರಳಿ ಅಂಗಡಿಯ ಕಡೆ ನಡೆದ. ಅವಳು ಹಿಂದೆ ಬಂದಳು, ಆದರೆ ಮೆಟ್ಟಿಲ ಕೆಳಗೇ ನಿಂತಳು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಬಂದಿದ್ದರು. ಚನ್ನಬಸಪ್ಪ ಕಾಯಲಿಲ್ಲ. ಕಾದರೆ ವಾಕ್ಯ ಕಟ್ಟಲು ಹೋಗುತ್ತಾನೆಂದು ಅವನಿಗೆ ಗೊತ್ತಿತ್ತು.

“ಭಾಯೀ, ಗಲತಿ ಮೇರಾ ಹೈ. ಆಪ್ ಪೂಛಾ. ಮೈ ಹಾಂ ಬೋಲಾ. ಸಮಝಾ ಥಾ, ಫಿರ್ ಭೀ ಹಾಂ ಬೋಲಾ. ಶರಮ್ ಆಯಾ.” ತಪ್ಪು ನನ್ನದು, ತಿಳಿದಿದ್ದೂ ಹಾಂ ಎಂದೆ, ನಾಚಿಕೆಯಾಗಿತ್ತು ಎಂದು ಹೇಳುವುದು ಅವನ ಉದ್ದೇಶವಾಗಿತ್ತು. ಗಂಡು ಹೆಣ್ಣೆಲ್ಲ ಅದಲುಬದಲಾಗಿತ್ತು. ಗಿರಾಕಿಗಳಲ್ಲೊಬ್ಬ ಮೀಸೆಯೊಳಗೇ ನಕ್ಕ. ರಸಿಕ್‌ಭಾಯಿ ನಗಲಿಲ್ಲ, ಹೋಗಲಿ ಬಿಡಿ ಎಂದೂ ಅನ್ನಲಿಲ್ಲ. ಕೌಂಟರಿನ ಮೇಲೆ ಇನ್ನೂ ಬಿದ್ದಿದ್ದ ಫಿಲ್ಟರನ್ನು ಅವನತ್ತ ತಳ್ಳಿ, ನನಗೆ ಹೇಳಿ ಏನು ಪ್ರಯೋಜನ, ಫೋನ್ ಮಾಡಿದವರಿಗೆ ಹೇಳಿ ಎಂದ. ಹೇಳುತ್ತೇನೆಂದು ಚನ್ನಬಸಪ್ಪ ಮಾತು ಕೊಟ್ಟು ಬಂದ.

ಮಾತು ಕೊಟ್ಟಷ್ಟು ಸುಲಭವಾಗಿರಲಿಲ್ಲ ಅದು. ಮನೆಗೆ ಬಂದು ಮೊದಲು ಸುಲೋಚನಾಳಿಗೆ ಹೇಳಿದ. ಅವಳು ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಬಿಲ್ಡಿಂಗಿನ ಮಂದಿಗೆಲ್ಲ ಅಂಗಡಿಯವನನ್ನು ಬೈದು ಬಂದಿದ್ದವಳು ಅವಳೇ. ರೊಟ್ಟಿಯನ್ನು ಹಂಚಿಗೆ ಹಾಕಿ ಕೇಳಿದಳು: “ಅಂವ ಯಾರೋ, ಅವನ ಮುಂದ ಹೇಳಾಕ ಬಂತು. ನನ್ನ ಮುಂದ ಒಂದು ವಾರ ಹೇಳಬೇಕನಿಸಲಿಲ್ಲೇನ್ರಿ?” 

ಗುಂಪಿಗೆ ಕನ್ನಡದಲ್ಲಿ ಬರೆಯಬೇಕಿತ್ತು. ಅಲ್ಲಿ ಕಾ ಕೀಗಳ ಕಾಟವಿರಲಿಲ್ಲ. ಆದರೂ ಬರೆದು ಬರೆದು ಅಳಿಸಿದ. ‘ತಪ್ಪು ತಿಳುವಳಿಕೆ ಆಗಿತ್ತು’ ಎಂದು ಬರೆದ. ಅದೂ ಒಂದು ಬಗೆಯ ಹಾಂ ಎನಿಸಿ ಅಳಿಸಿದ. ಕೊನೆಗೆ, ಅಂಗಡಿಯವರ ತಪ್ಪಿಲ್ಲ, ಅವರು ಸರಿಯಾಗಿ ಕೇಳಿದ್ದರು, ತಪ್ಪು ಹೇಳಿದವನೂ ಆಮೇಲೆ ಸುಳ್ಳು ಹೇಳಿದವನೂ ನಾನೇ, ದಯವಿಟ್ಟು ಅವರಿಗೆ ಯಾರೂ ಫೋನ್ ಮಾಡಬೇಡಿ ಎಂದು ಹೆಸರು ಹಾಕಿ ಕಳಿಸಿದ.  ಗುಂಪಿನಲ್ಲಿ ಯಾರೋ ಗಣಪತಿಯ ಚಿತ್ರ ಹಾಕಿ ವಿಷಯ ಬದಲಿಸಿದರು. ಹಾಲೇಶ ಫೋನ್ ಮಾಡಿ, ಭಾವ, ನನ್ನ ಮುಖಕ್ಕೆ ಮಸಿ ಬಳಿದ್ರಿ ಎಂದು ಇಟ್ಟುಬಿಟ್ಟ. ದಸರೆಗೂ ಅವನು ಫೋನ್ ಮಾಡಲಿಲ್ಲ.

ಎಂಜಿನ್ ಪೂರಾ ಬಿಚ್ಚಿ ಕಟ್ಟಬೇಕಾಯಿತು. ವಡೋದರಾಕ್ಕೆ ಚನ್ನಬಸಪ್ಪ ಒಬ್ಬನೇ ಹೋಗಿ ಬಂದ. ಅಲ್ಲಿಯ ಮೆಕ್ಯಾನಿಕ್ ಜತೆ ಮುರುಕು ಹಿಂದಿಯಲ್ಲಿ ಮಾತಾಡಿದ. ಪ್ರತಿ ಸಲವೂ ಕಿವಿ ಬಿಸಿಯಾಗುತ್ತಿತ್ತು. ಅದು ಕಡಿಮೆಯಾಗುತ್ತದೆಂದು ಅವನು ಕಾದ, ಆಗಲಿಲ್ಲ. ಬಿಸಿ ಕಿವಿ ಇಟ್ಟುಕೊಂಡೇ ಮಾತಾಡುವುದು ರೂಢಿಯಾಯಿತು ಅಷ್ಟೆ. ಅಪೂರ್ವಾ ಅವನೊಂದಿಗೆ ಮಾತು ಬಿಟ್ಟಿರಲಿಲ್ಲ. ಕರೆದರೆ ಬರುತ್ತಿದ್ದಳು, ಕೇಳಿದ್ದಕ್ಕೆ ಹೇಳುತ್ತಿದ್ದಳು.

ತಂಡದ ಹೆಸರುಗಳು ಹೊರಬಿದ್ದ ದಿನ ಸಂಜೆ ಅವಳ ಫೋನ್ ಬಡಿದುಕೊಂಡಿತು. ನಿಕಿತಾ ಆಯ್ಕೆಯಾಗಿದ್ದಳು. ಚನ್ನಬಸಪ್ಪ ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿದ್ದ. ಕೋಣೆಯಿಂದ ಮಗಳ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಖುಷಿಯಾಯಿತು ಕಣೇ, ನನಗೆ ಗೊತ್ತಿತ್ತು ನೀನು ಆಗೇ ಆಗ್ತೀಯ ಅಂತ ಎಂದು ಗುಜರಾತಿಯಲ್ಲಿ ನಗುನಗುತ್ತ ಹೇಳುತ್ತಿದ್ದಳು. ಆ ಕಡೆಯಿಂದ ನಿಕಿತಾ, ನಿನಗೆ ಬೇಜಾರಿಲ್ಲವೇ ಎಂದು ಕೇಳಿರಬೇಕು.  ನನಗಾ, ನನಗೆ… ಎಂದು ಅಪೂರ್ವಾ ಶುರು ಮಾಡಿ ನಿಲ್ಲಿಸಿದಳು. ಕೋಣೆಯ ಬಾಗಿಲಿಗೆ ಬಂದು ಅಪ್ಪನನ್ನು ನೋಡಿದಳು. ಅವನೂ ಪೇಪರಿನಿಂದ ಕಣ್ಣೆತ್ತಿ ಅವಳನ್ನು ನೋಡಿದ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅಪ್ಪನಿಗೆ ಈಗ ತಿಳಿಯುತ್ತದಲ್ಲ.

ಅವಳು ಫೋನನ್ನು ಎದೆಗೊತ್ತಿಕೊಂಡು, ಸದ್ದಾಗದ ಹಾಗೆ, ಬಾಗಿಲು ಹಾಕಿಕೊಂಡಳು.